ಅಮೆರಿಕದ ‘ಇಂಡಿಯಾ ಕಾಕಸ್’ ಅಂದ್ರೆ ಏನು? ಜಯನಗರಕ್ಕೂ ಅದಕ್ಕೂ ಏನು ಸಂಬಂಧ?

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಿಗೆ ಬರವಿಲ್ಲ. ವೀಸಾ ಫೀಸು, ಅಲ್ಲಿಂದ ಕಳಿಸೋ ದುಡ್ಡಿಗೆ ತೆರಿಗೆ ಅಂತ ಸುದ್ದಿ ಬಂದರೆ ಇಲ್ಲಿ ಅಪ್ಪ-ಅಮ್ಮನಿಗೆ ಚಿಂತೆ. ಇಂಥ ವಿಷಯದಲ್ಲಿ ‘ಇಂಡಿಯಾ ಕಾಕಸ್’ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ನೋಡೋಣ.

ಅಮೆರಿಕದ ಸಂಸತ್ತಿನ ಹೆಸರೇ ಕಾಂಗ್ರೆಸ್. ಹಾಗಾಗಿ ಇದು ನಮ್ಮ ಕೈ ಪಾರ್ಟಿನೂ ಅಲ್ಲ, ಇಲ್ಲಿನ ಇಂಡಿಯಾ ಮೈತ್ರಿಕೂಟನೂ ಅಲ್ಲ!

1993ರಲ್ಲಿ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ ಪಲೋನ್ ಮತ್ತು ರಿಪಬ್ಲಿಕನ್ ಪಕ್ಷದ ಬಿಲ್ ಮೆಕಾಲಮ್ ಸೇರಿ ಕೆಳಮನೆಯಲ್ಲಿ ಈ ಗುಂಪು ಕಟ್ಟಿದರು. 2004ರಲ್ಲಿ ಮೇಲ್ಮನೆ ಸೆನೆಟ್‌ನಲ್ಲೂ ಒಂದು ಶುರುವಾಯ್ತು. ಕಟ್ಟಿದವರು ಹಿಲರಿ ಕ್ಲಿಂಟನ್ ಮತ್ತು ಜಾನ್ ಕಾರ್ನಿನ್. ಎರಡರಲ್ಲೂ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಇರುತ್ತವೆ. ಭಾರತದ ಬಗ್ಗೆ ಜೊತೆಯ ಸದಸ್ಯರಿಗೆ ತಿಳಿಹೇಳೋದು, ನಮ್ಮ ರಾಯಭಾರಿ, ಮಂತ್ರಿಗಳು ಹೋದಾಗ ಕೂತು ಮಾತಾಡೋದು, ಸರ್ಕಾರಕ್ಕೆ ಪತ್ರ ಬರೆಯೋದು ಇದರ ಕೆಲಸ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು, 2023ರಿಂದ ಅಲ್ಲಿ ಸದಸ್ಯರಾಗಿರುವ ಶ್ರೀ ಥಾಣೇದಾರ್ ಅವರಿಗೆ ಭಾರತದ ಪಾಠ ಬೇಕಿಲ್ಲ. ಆದರೆ ಕೆಳಮನೆಯ 435 ಜನರಲ್ಲಿ ಅಂಥವರು ಬೆರಳೆಣಿಕೆ.

ನಮ್ಮ ಬೆಂಗಳೂರು ದಕ್ಷಿಣ ಸಂಸದ ತೇಜಸ್ವಿ ಸೂರ್ಯ ಕೂಡ ಈ ಗುಂಪಿನ ಎದುರು ಕೂತು ಬಂದಿದ್ದಾರೆ. ಆಪರೇಷನ್ ಸಿಂಧೂರ ಆದ ಮೇಲೆ ಕೇಂದ್ರ ಸರ್ಕಾರ 7 ಸರ್ವಪಕ್ಷ ನಿಯೋಗಗಳನ್ನು ವಿದೇಶಕ್ಕೆ ಕಳಿಸಿತ್ತಲ್ಲ, ಅದರಲ್ಲಿ ಕಾಂಗ್ರೆಸ್‌ನ ಶಶಿ ತರೂರ್ ನೇತೃತ್ವದ ತಂಡದಲ್ಲಿ ಅವರಿದ್ದರು. 2025ರ ಜೂನ್ ಮೊದಲ ವಾರ ವಾಷಿಂಗ್ಟನ್‌ನಲ್ಲಿ ಕಾಕಸ್ ಮುಖ್ಯಸ್ಥರಾದ ರೋ ಖನ್ನಾ, ರಿಚ್ ಮೆಕಾರ್ಮಿಕ್ ಅವರನ್ನು ತಂಡ ಭೇಟಿಯಾಯ್ತು. ಅಲ್ಲೂ ಎರಡು ಪಕ್ಷ, ಇಲ್ಲೂ ಹಲವು ಪಕ್ಷ. ಇಲ್ಲಿ ದಿನಾ ಕಿತ್ತಾಡೋರು ಅಲ್ಲಿ ಒಂದೇ ಸಾಲಲ್ಲಿ ಕೂತಿದ್ದರು.

ಆದರೆ ಕಾಕಸ್‌ಗೆ ಕಾನೂನು ಮಾಡುವ ಅಧಿಕಾರ ಇಲ್ಲ. ಸ್ವಂತ ಆಫೀಸು, ಸಿಬ್ಬಂದಿನೂ ಇಲ್ಲ. ಸದಸ್ಯರ ಕಚೇರಿಯವರೇ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್, ಅಂದ್ರೆ ಸುಮಾರು 88 ಲಕ್ಷ ರೂ. ಶುಲ್ಕ ಹಾಕಿದ್ದು ಅಧ್ಯಕ್ಷ ಟ್ರಂಪ್ ಆದೇಶ. ಅದು ಸಂಸತ್ತಿನ ವೋಟಿಗೇ ಹೋಗಲಿಲ್ಲ. ಹೀಗಾದಾಗ ಕಾಕಸ್ ಪತ್ರ ಬರೆಯಬಹುದು, ಒತ್ತಡ ಹಾಕಬಹುದು, ಅಷ್ಟೇ.

ವಿದೇಶಕ್ಕೆ ಕಳಿಸೋ ದುಡ್ಡಿನ ತೆರಿಗೆ ಮಾತ್ರ ಸಂಸತ್ತಲ್ಲೇ ತೀರ್ಮಾನವಾಯ್ತು. ಕೆಳಮನೆ ಶೇ 3.5 ಅಂದಿತ್ತು, ಸೆನೆಟ್ ಶೇ 1ಕ್ಕೆ ಇಳಿಸಿತು. 2026ರ ಜನವರಿ 1ರಿಂದ ಜಾರಿ. ಅದೂ ನಗದು, ಮನಿ ಆರ್ಡರ್ ಥರದ್ದಕ್ಕೆ. ಅಲ್ಲಿನ ಬ್ಯಾಂಕ್ ಖಾತೆಯಿಂದ ಮಕ್ಕಳು ಕಳಿಸಿದರೆ ಇಲ್ಲ. ಒಬ್ಬೊಬ್ಬ ಸದಸ್ಯನ ತಿಳಿವಳಿಕೆಗೆ ಬೆಲೆ ಬರೋದು ಇಂಥ ವೋಟಿನಲ್ಲಿ.

ವೀಸಾ ಇಂಟರ್‌ವ್ಯೂ ಪಾಸು-ಫೇಲು ಕಾಕಸ್ ಕೈಯಲ್ಲಿಲ್ಲ, ಅದು ಕಾನ್ಸುಲೇಟ್ ಅಧಿಕಾರಿಯ ನಿರ್ಧಾರ. ‘ಕಾಕಸ್‌ನವರು ಗೊತ್ತು, ವೀಸಾ ಮಾಡಿಸ್ತೀನಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ವಿಷಯ, ಅಲ್ಲಿ ಕೆಳಮನೆಗೆ 2 ವರ್ಷಕ್ಕೊಮ್ಮೆ ಎಲೆಕ್ಷನ್. 2026ರ ನವೆಂಬರ್‌ನಲ್ಲಿ ಎಲ್ಲ 435 ಸೀಟಿಗೂ ಮತದಾನ. ಹೊಸ ಸಂಸತ್ತು ಬಂದಾಗಲೆಲ್ಲ ಕಾಕಸ್ ಮತ್ತೆ ನೋಂದಣಿ ಮಾಡಿಸಬೇಕು, ಹೊಸ ಸದಸ್ಯರಿಗೆ ಮತ್ತೆ ಮೊದಲಿಂದ ಹೇಳಬೇಕು.