ಬ್ಯಾಟಿನ ತೂಕ ಎಷ್ಟು ಎಂಬುದಲ್ಲ, ಎಲ್ಲಿ ಎಂಬುದು ಮುಖ್ಯ

ಒಂದು ಸೋಮವಾರ ಬೆಳಿಗ್ಗೆ ಅಟ್ಟೂರಿನ ನನ್ನ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮುಂಚೆಯೇ ದಂಪತಿಗಳಿಬ್ಬರು ಹೊರಗೆ ಕಾಯುತ್ತಿದ್ದರು. ಗಂಡನಿಗೆ ನಲವತ್ತೆರಡು ವರ್ಷ. ಎಡಗೈ ನೋವು, ರಾತ್ರಿಯಿಡೀ ನಿದ್ದೆ ಇಲ್ಲ. "ಡಾಕ್ಟ್ರೇ, ಇವರ ತಂದೆಗೂ ಹೀಗೇ ಎಡಗೈ ನೋವು ಅಂತಲೇ ಶುರುವಾಗಿದ್ದು. ಹಾರ್ಟ್ ಏನಾದ್ರೂ ಇರಬಹುದಾ, ಸರಿಯಾಗಿ ನೋಡಿ" ಎನ್ನುವಾಗ ಆಕೆಯ ಗಂಟಲು ಕಟ್ಟಿತ್ತು.

ರಕ್ತದೊತ್ತಡ ನೋಡಿದೆ, ಇಸಿಜಿ ತೆಗೆಸಿದೆ. ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯದ ತೊಂದರೆ ಇಲ್ಲವೆಂದು ಹೇಳಲಾಗದು. ಆದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿದೆ. ಎಲ್ಲವೂ ಸರಿಯಾಗಿತ್ತು. ನಂತರ ಎಡ ಮೊಣಕೈಯ ಹೊರಬದಿಯಲ್ಲಿರುವ ಎಲುಬಿನ ಗುಬುಟನ್ನು ಹೆಬ್ಬೆರಳಿನಿಂದ ಒತ್ತಿದೆ. ಮನುಷ್ಯ ಕುರ್ಚಿಯಿಂದ ಎದ್ದೇಬಿಟ್ಟರು.

"ನಿನ್ನೆ ಏನು ಕೆಲಸ ಮಾಡಿದಿರಿ?"

"ಕೆಲಸ ಏನೂ ಇಲ್ಲ ಸಾರ್, ಭಾನುವಾರ ಅಲ್ವಾ. ಲೇಔಟ್ ಹುಡುಗರ ಜೊತೆ ಎರಡು ಮ್ಯಾಚ್ ಆಡಿದೆ. ಹೊಸ ಬ್ಯಾಟು. ಕೆಳಗಡೆ ಒಳ್ಳೆ ತೂಕ ಇರೋದು, ತಾಗಿದ್ರೆ ಸಿಕ್ಸರ್ರೇ."

ಅಂಗಡಿಯಲ್ಲಿ ಅದಕ್ಕೆ ಸಾಕಷ್ಟು ಹಣ ಕೊಟ್ಟಿದ್ದರಂತೆ. ಕೊಳ್ಳುವಾಗ ತಮ್ಮೊಬ್ಬರಿಗೇ ಎಂದು ಕೊಂಡದ್ದೂ ಅಲ್ಲ. ಹದಿಮೂರು ವರ್ಷದ ಮಗನೂ ಮೂರು ವಾರದಿಂದ ದಿನಾ ಸಂಜೆ ಅದೇ ಬ್ಯಾಟಿನಲ್ಲಿ ಅಭ್ಯಾಸ ಮಾಡುತ್ತಿದ್ದ. "ಬೆಳೆಯೋ ಹುಡುಗ, ಇನ್ನೆರಡು ವರ್ಷಕ್ಕೂ ಆಗುತ್ತೆ" ಎಂದು ತಾಯಿ ಹೇಳಿದರು. ಶಾಲೆಯ ಸಮವಸ್ತ್ರ, ಶೂ ಕೊಳ್ಳುವಾಗ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಲೆಕ್ಕವೇ ಇದು. ನನ್ನ ಮಗನಿಗೆ ಮೊದಲ ಬ್ಯಾಟ್ ಕೊಂಡಾಗ ನಾನೂ ಹಾಗೆಯೇ ಮಾಡಿದ್ದೆ. ದೊಡ್ಡ ಶೂ ಒಳಗೆ ಹತ್ತಿ ತುರುಕಬಹುದು, ದೊಡ್ಡ ಬ್ಯಾಟಿಗೆ ಹಾಗೆ ಮಾಡಲು ಬರುವುದಿಲ್ಲ.

ಹಾಗಾದರೆ ಬ್ಯಾಟನ್ನು ಹೇಗೆ ಆರಿಸಬೇಕು? ಸಾಮಾನ್ಯ ವೈದ್ಯನಿಗೆ ಇದು ಸಂಬಂಧವಿಲ್ಲದ ಪ್ರಶ್ನೆ ಎನಿಸಬಹುದು. ಆದರೆ ಯಲಹಂಕ ಉಪನಗರ, ಅಟ್ಟೂರು, ಸುತ್ತಮುತ್ತಲ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಭಾನುವಾರ ನಡೆಯುವ ಆಟದ ಫಲಿತಾಂಶ ಸೋಮವಾರ ಬರುವುದು ನಮ್ಮಂಥವರ ಬಳಿಗೇ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಒಂದು ಸುತ್ತಿಗೆಯನ್ನು ಮರದ ಹಿಡಿಯ ತುದಿಯಲ್ಲಿ ಹಿಡಿದು ಗಾಳಿಯಲ್ಲಿ ಅತ್ತಿತ್ತ ಬೀಸಿ. ಆಮೇಲೆ ಅದನ್ನೇ ತಿರುಗಿಸಿ, ಕಬ್ಬಿಣದ ತಲೆಯನ್ನು ಮುಷ್ಟಿಯಲ್ಲಿ ಹಿಡಿದು ಬೀಸಿ. ಸುತ್ತಿಗೆಯ ತೂಕ ಒಂದು ಗ್ರಾಮೂ ಬದಲಾಗಿಲ್ಲ. ಆದರೆ ಮೊದಲ ಸಲ ಕೈ ಸೋಲುತ್ತದೆ, ಎರಡನೆಯ ಸಲ ಬೀಸಿದ್ದೇ ತಿಳಿಯುವುದಿಲ್ಲ. ತಿರುಗಿಸುವ ವಸ್ತುವಿನಲ್ಲಿ ಭಾರ ಕೈಯಿಂದ ಎಷ್ಟು ದೂರದಲ್ಲಿದೆ ಎಂಬುದು ಬಹಳ ಮುಖ್ಯ. ದೂರ ಎರಡರಷ್ಟಾದರೆ ತಿರುಗಿಸುವ ಕಷ್ಟ ನಾಲ್ಕರಷ್ಟಾಗುತ್ತದೆ. ಅಂದರೆ ಕೈಯಿಂದ 35 ಸೆಂಟಿಮೀಟರ್ ದೂರದಲ್ಲಿರುವ 100 ಗ್ರಾಂ ಮರವನ್ನು 70 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ ಆ ನೂರು ಗ್ರಾಂ ನಿಮ್ಮ ಕೈಗೆ ನಾಲ್ಕು ನೂರು ಗ್ರಾಮಿನಂತೆ ಕಾಡುತ್ತದೆ. ಬ್ಯಾಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ 1,150 ಗ್ರಾಂ ಎಂದಿದ್ದರೆ ಅದು ಅರ್ಧ ಸಂಗತಿ ಮಾತ್ರ. ಅಷ್ಟೇ ತೂಕದ ಎರಡು ಬ್ಯಾಟುಗಳಲ್ಲಿ ಒಂದು ಹೂವಿನಂತೆ ಏಳಬಹುದು, ಇನ್ನೊಂದು ಒನಕೆಯಂತೆ ನೆಲಕ್ಕೆ ಎಳೆಯಬಹುದು. ಆಟಗಾರರು ಇದನ್ನೇ 'ಪಿಕಪ್' ಎನ್ನುತ್ತಾರೆ.

ತುದಿಭಾರದ ಬ್ಯಾಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ತವರು ಅಮೆರಿಕದ ಸಾಫ್ಟ್‌ಬಾಲ್ ಎನ್ನಬಹುದು. ಅಲ್ಲಿ 'ಸ್ಲೋಪಿಚ್' ಎಂಬ ಬಗೆಯ ಆಟವಿದೆ. ಚೆಂಡನ್ನು ಕೆಳಗೈಯಿಂದ ಕಮಾನಿನಂತೆ ಎತ್ತರಕ್ಕೆ ನಿಧಾನವಾಗಿ ಎಸೆಯುತ್ತಾರೆ. ಕಚೇರಿ, ಕಾರ್ಖಾನೆಗಳ ನಡುವಯಸ್ಕರು ವಾರಾಂತ್ಯದ ಲೀಗುಗಳಲ್ಲಿ ಆಡುವ ಆಟ. ಚೆಂಡು ಇಳಿದು ಬರುವಷ್ಟರಲ್ಲಿ ಬೀಸಲು ಬೇಕಾದಷ್ಟು ಸಮಯವಿರುವುದರಿಂದ ರಟ್ಟೆಯಲ್ಲಿ ಬಲವಿರುವವರು ತುದಿಯಲ್ಲಿ ಭಾರ ಹೆಚ್ಚಿರುವ ಬ್ಯಾಟನ್ನೇ ಬಯಸುತ್ತಾರೆ. ಬಲವಿಲ್ಲದವರು ಅದನ್ನು ಹಿಡಿದರೆ ಬೀಸುವ ವೇಗವೇ ತಗ್ಗಿ ಚೆಂಡು ಮೊದಲಿಗಿಂತ ಹತ್ತಿರದಲ್ಲೇ ಬೀಳುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಆಟವೆಂದರೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಅಂಡರ್‌ಆರ್ಮ್ ಕ್ರಿಕೆಟ್. ಮತ್ತೆ ನಮ್ಮ ಬಡಾವಣೆಗಳ ಟೆನಿಸ್ ಬಾಲ್ ಕ್ರಿಕೆಟ್. ಟೆನಿಸ್ ಬಾಲಿಗೆಂದೇ ಮಾಡುವ ಬ್ಯಾಟುಗಳಲ್ಲಿ ದಪ್ಪ ಭಾಗವನ್ನು ಕೆಳಗೆ ಇಟ್ಟಿರುತ್ತಾರೆ; ಮಣ್ಣಿನ ನೆಲದಲ್ಲಿ ಚೆಂಡು ಕೆಳಗೇ ಬರುತ್ತದೆ, ಎತ್ತಿ ಹೊಡೆಯಬೇಕು ಎಂಬ ಲೆಕ್ಕ. ಒಳ್ಳೆಯ ತಯಾರಕರು ಬೆನ್ನಿನ ಮರವನ್ನು ಕೆತ್ತಿ ಒಟ್ಟು ತೂಕವನ್ನು ಒಂದು ಕಿಲೋ ಆಸುಪಾಸಿಗೆ ಇಳಿಸಿರುತ್ತಾರೆ. ನನ್ನ ರೋಗಿ ಕೊಂಡದ್ದು ಹಾಗಿರಲಿಲ್ಲ. ಲೆದರ್ ಬಾಲ್ ಬ್ಯಾಟಿನ ತೂಕ, ಟೆನಿಸ್ ಬ್ಯಾಟಿನ ಆಕಾರ. ಎರಡರ ಕಷ್ಟವೂ ಒಂದರಲ್ಲೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಬಿಡಬೇಕು. ಬ್ಯಾಟು ಭಾರವಾದಷ್ಟೂ ಚೆಂಡು ದೂರ ಹೋಗುತ್ತದೆ ಎಂಬುದು ಟೆನಿಸ್ ಬಾಲಿನ ಮಟ್ಟಿಗೆ ಬಹುಪಾಲು ಸುಳ್ಳು. ಟೆನಿಸ್ ಚೆಂಡಿನ ತೂಕ ಅರವತ್ತು ಗ್ರಾಂ ಒಳಗೇ. ಲೆದರ್ ಚೆಂಡು 156ರಿಂದ 163 ಗ್ರಾಂ. ಹಗುರ ಚೆಂಡಿನ ಎದುರು ಒಂದು ಕಿಲೋ ಮರವೇ ಬೇಕಾದಷ್ಟಾಯಿತು. ಅದಕ್ಕೆ ಇನ್ನೂ ಇನ್ನೂರು ಗ್ರಾಂ ಸೇರಿಸಿದರೆ ಸಿಗುವ ಲಾಭ ಅತ್ಯಲ್ಪ. ಅಲ್ಲಿ ಕೆಲಸ ಮಾಡುವುದು ಬೀಸುವ ವೇಗ. ವೇಗದ ಬೌಲಿಂಗ್ ಇರುವ, ಗಟ್ಟಿ ಟೆನಿಸ್ ಬಾಲಿನ ಬಹುಮಾನದ ಟೂರ್ನಮೆಂಟುಗಳಲ್ಲಿ ತುದಿಭಾರದ ಬ್ಯಾಟು ಸಮಯಕ್ಕೆ ಇಳಿಯದೇ ಹೋಗುವುದೂ ಉಂಟು.

ಇನ್ನು ದೇಹದ ಮಾತು. ಬಲಗೈ ಬ್ಯಾಟ್ಸ್‌ಮನ್‌ಗೆ ಎಡ ಮೊಣಕೈ ಏಕೆ ನೋಯಬೇಕು? ಬ್ಯಾಟಿನ ಹಿಡಿಯಲ್ಲಿ ಮೇಲಿರುವುದು ಎಡಗೈ. ಬ್ಯಾಟನ್ನು ಎತ್ತುವುದು, ದಿಕ್ಕು ಹಿಡಿಸುವುದು, ಬೀಸಿದ ಮೇಲೆ ತಡೆಯುವುದು ಎಲ್ಲ ಅದರ ಪಾಲು. ಹೆಚ್ಚಿನವರಿಗೆ ಅದೇ ಬಲಹೀನ ಕೈ. ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸುವ ಸ್ನಾಯುಗಳೆಲ್ಲ ಮೊಣಕೈಯ ಹೊರಬದಿಯ ಆ ಒಂದು ಗುಬುಟಿಗೆ ಬಂದು ಅಂಟಿಕೊಂಡಿವೆ. ನಾವು ಏನನ್ನೇ ಬಿಗಿಯಾಗಿ ಹಿಡಿದರೂ ಈ ಸ್ನಾಯುಗಳು ಎಳೆದು ನಿಲ್ಲಬೇಕು. ತುದಿಭಾರದ ಬ್ಯಾಟು ಕೈಯಿಂದ ಜಾರದಿರಲು ನಾವು ಅರಿಯದೆಯೇ ಮುಷ್ಟಿ ಬಿಗಿಯುತ್ತೇವೆ. ನೂರಾರು ಸಲ ಹೀಗಾದಾಗ ಸ್ನಾಯು ಎಲುಬಿಗೆ ಸೇರುವ ಹುರಿಯಲ್ಲಿ ಸಣ್ಣ ಸಣ್ಣ ಸೀಳುಗಳು ಬಿದ್ದು, ಅದು ಸವೆಯುತ್ತದೆ. ಇದೇ 'ಟೆನಿಸ್ ಎಲ್ಬೋ'. ಮೂವತ್ತೈದು ದಾಟಿದ ಮೇಲೆ ಈ ಹುರಿಯ ದುರಸ್ತಿ ನಿಧಾನವಾಗುವುದರಿಂದ ಆ ವಯಸ್ಸಿನವರಲ್ಲೇ ಹೆಚ್ಚು. ಟೆನಿಸ್ ಆಡದವರಿಗೇ ಇದು ಜಾಸ್ತಿ ಎಂಬುದು ಬೇರೆ ಮಾತು. ಬಟ್ಟೆ ಹಿಂಡುವ ಗೃಹಿಣಿಯರು, ಸ್ಪ್ಯಾನರ್ ತಿರುಗಿಸುವ ಕಾರ್ಮಿಕರು ನನ್ನಲ್ಲಿಗೆ ಇದೇ ನೋವು ಹೊತ್ತು ಬರುತ್ತಾರೆ.

2004ರ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ನಡೆದಾಗ ಟಿಕೆಟ್ ಕೊಂಡವರಿಗೆಲ್ಲ ನಿರಾಸೆಯಾಗಿದ್ದು ಕೆಲವರಿಗೆ ನೆನಪಿರಬಹುದು. ಸಚಿನ್ ತೆಂಡೂಲ್ಕರ್ ಆಡಲಿಲ್ಲ. ಕಾರಣ ಎಡ ಮೊಣಕೈಯ ಟೆನಿಸ್ ಎಲ್ಬೋ. ಮರುವರ್ಷ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಅವರು ಬಹಳ ಭಾರದ ಬ್ಯಾಟಿಗೆ ಹೆಸರಾದವರು. ನೋವಿಗೆ ಬ್ಯಾಟೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಅಷ್ಟು ವರ್ಷ, ಅಷ್ಟು ಚೆಂಡು ಎದುರಿಸಿದ ಕೈ ಅದು. ಆದರೆ ದಿನವೂ ಪಳಗಿದ, ತರಬೇತುದಾರರು ಸುತ್ತಲಿದ್ದ ಕೈಯೇ ಸೋತದ್ದನ್ನು, ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಭಾನುವಾರ ಮೈದಾನಕ್ಕಿಳಿಯುವ ನಾವು ಗಮನಿಸಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹದಿನಾರು ಹದಿನೇಳರವರೆಗೂ ಎಲುಬಿನ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪದರ ಇರುತ್ತದೆ. ದೊಡ್ಡವರಲ್ಲಿ ಹುರಿ ಸವೆಯುವ ಕಡೆ ಮಕ್ಕಳಲ್ಲಿ ಈ ಪದರಕ್ಕೇ ಪೆಟ್ಟಾಗಬಹುದು. ಭಾರದ ಬ್ಯಾಟು ಹಿಡಿದ ಹುಡುಗನನ್ನು ಪಕ್ಕದಲ್ಲಿ ನಿಂತು ನೋಡಿ: ಹಿಡಿಯ ಕೆಳಗೆ ಕೈ ಜಾರಿಸಿ ಹಿಡಿಯುತ್ತಾನೆ, ಸೊಂಟ ಹಿಂದಕ್ಕೆ ಬಾಗುತ್ತದೆ, ನೇರ ಬರಬೇಕಾದ ಬ್ಯಾಟು ಅಡ್ಡ ಬೀಸುತ್ತದೆ. ಆಟವೂ ಕೆಡುತ್ತದೆ. ದೊಡ್ಡ ಬ್ಯಾಟಿನ ಹಿಡಿಯನ್ನು ಬಡಗಿಯಿಂದ ಕತ್ತರಿಸಿ ಮಗನಿಗೆ ಕೊಡುವವರಿದ್ದಾರೆ. ಕತ್ತರಿಸಿದ್ದು ಕೈಯ ಕಡೆಯ ಹಗುರ ತುಂಡನ್ನು. ಕೆಳಗಿನ ಭಾರವೆಲ್ಲ ಹಾಗೇ ಉಳಿದಿರುತ್ತದೆ. ಮಗುವಿನ ಮೊಣಕೈ ನೋವು ಒಂದು ವಾರ ಆಟ ಬಿಟ್ಟರೂ ಹೋಗದಿದ್ದರೆ, ಊತವಿದ್ದರೆ, ಕೈ ಪೂರ್ತಿ ಚಾಚಲು ಬಾರದಿದ್ದರೆ ಎಣ್ಣೆ ತಿಕ್ಕಿಸುತ್ತ ಕೂರಬೇಡಿ. ಎಕ್ಸ್‌ರೇ ಬೇಕು, ಮೂಳೆ ತಜ್ಞರು ನೋಡಬೇಕು.

ಅಂಗಡಿಗೆ ಹೋಗುವಾಗ ಆಡುವವರನ್ನೇ ಕರೆದೊಯ್ಯಿರಿ. ಹುಟ್ಟುಹಬ್ಬಕ್ಕೆ ಗುಟ್ಟಾಗಿ ತಂದುಕೊಡುವ ವಸ್ತು ಇದಲ್ಲ. ಮಕ್ಕಳ ಬ್ಯಾಟುಗಳಿಗೆ 1ರಿಂದ 6ರವರೆಗೆ ಅಳತೆಗಳಿವೆ, ನಂತರ ಹ್ಯಾರೋ, ಆಮೇಲೆ ದೊಡ್ಡವರ ಶಾರ್ಟ್ ಹ್ಯಾಂಡಲ್. ಇವು ವಯಸ್ಸಿಗಿಂತ ಎತ್ತರಕ್ಕೆ ಸಂಬಂಧಿಸಿದವು. ಸುಮಾರು ಐದೂವರೆ ಅಡಿ ದಾಟದ ಹುಡುಗನಿಗೆ ಶಾರ್ಟ್ ಹ್ಯಾಂಡಲ್ ಬೇಡ. ಕಾಲಿನ ಪಕ್ಕ ನಿಲ್ಲಿಸಿದಾಗ ಹಿಡಿಯ ತುದಿ ತೊಡೆ ಸೊಂಟಕ್ಕೆ ಸೇರುವ ಎತ್ತರಕ್ಕೆ ಬಂದರೆ ಸರಿ. ನಂತರ ಮುಖ್ಯ ಪರೀಕ್ಷೆ. ಮೇಲಿನ ಕೈ ಒಂದರಲ್ಲೇ, ಅಂದರೆ ಬಲಗೈ ಆಟಗಾರನಾದರೆ ಎಡಗೈಯಲ್ಲಿ, ಬ್ಯಾಟನ್ನು ಹಿಡಿಯ ಮೇಲ್ತುದಿಯಲ್ಲಿ ಹಿಡಿದು ತೋಳನ್ನು ಮುಂದಕ್ಕೆ ನೇರ ಚಾಚಬೇಕು. ನಿಧಾನವಾಗಿ ಹದಿನೈದು ಎಣಿಸಿ. ಅಷ್ಟರೊಳಗೆ ತುದಿ ಬಾಗಿದರೆ, ತೋಳು ನಡುಗಿದರೆ, ಹಣೆ ಗಂಟಿಕ್ಕಿದರೆ ಆ ಬ್ಯಾಟನ್ನು ವಾಪಸ್ ಇಡಿ. ಅದೇ ಒಂಟಿ ಕೈಯಲ್ಲಿ ಹತ್ತು ಸಲ ನೇರ ಡ್ರೈವಿನಂತೆ ಬೀಸಿಸಿ. ಹತ್ತನೆಯದು ಮೊದಲನೆಯದರಂತೆ ನೇರ ಬರಬೇಕು. ಎರಡು ಬ್ಯಾಟುಗಳ ನಡುವೆ ಅನುಮಾನವಿದ್ದರೆ ಹಗುರವಾಗಿ ಏಳುವುದನ್ನೇ ಆರಿಸಿ.

ಬ್ಯಾಟು ಕೊಂಚ ಕೆಳಭಾರ ಎನಿಸಿದರೆ ಹಿಡಿಗೆ ಇನ್ನೊಂದು ರಬ್ಬರ್ ಗ್ರಿಪ್ ಹಾಕಿಸುವುದುಂಟು. ಕೈಯ ಬಳಿ ತೂಕ ಸೇರುವುದರಿಂದ ಸಮತೋಲ ಬದಲಾಗುತ್ತದೆ, ನಿಜ. ಆದರೆ ಸಣ್ಣ ಅಂಗೈಗೆ ದಪ್ಪ ಹಿಡಿ ಕೊಟ್ಟರೆ ಮತ್ತೆ ಮುಷ್ಟಿ ಬಿಗಿಯುವುದೇ ಆಗುತ್ತದೆ. ಮಳೆ ನಿಂತ ನೆಲದಲ್ಲಿ ಆಡಿ ಬ್ಯಾಟನ್ನು ಹಾಗೇ ಮೂಲೆಗೆ ಒರಗಿಸಿದರೆ ತುದಿಯ ಮರ ನೀರು ಕುಡಿದು ಊದಿ ಇನ್ನಷ್ಟು ಭಾರವಾಗುತ್ತದೆ. ಒರೆಸಿ ಒಣಗಿಸಿ ಇಡಿ.

ಎಲ್ಲಿ ಆಡುತ್ತೀರಿ ಎಂಬುದನ್ನೂ ಕೊಳ್ಳುವ ಮುಂಚೆ ಯೋಚಿಸಿ. ಲೆದರ್ ಬಾಲಿನ ಕ್ರಿಕೆಟ್ಟಿನಲ್ಲಿ ಬ್ಯಾಟಿನ ಅಲಗು ಮರದ್ದೇ ಆಗಿರಬೇಕು. 1979ರಲ್ಲಿ ಪರ್ತ್‌ನಲ್ಲಿ ಡೆನ್ನಿಸ್ ಲಿಲ್ಲಿ ಅಲ್ಯುಮಿನಿಯಂ ಬ್ಯಾಟು ಹಿಡಿದು ಬಂದ ರಗಳೆಯ ನಂತರ ಆದ ನಿಯಮ. 2017ರಿಂದ ಅಗಲ 108, ದಪ್ಪ 67, ಅಂಚು 40 ಮಿಲಿಮೀಟರ್ ಮೀರುವಂತಿಲ್ಲ. ಬಡಾವಣೆಯ ಟೆನಿಸ್ ಬಾಲ್ ಪಂದ್ಯಗಳಿಗೆ ಇಂಥ ಒಂದೇ ಕಾನೂನಿಲ್ಲ. ಬೆನ್ನು ಕೆತ್ತಿದ ಸ್ಕೂಪ್ ಬ್ಯಾಟು, ಫೈಬರ್ ಬ್ಯಾಟು ನಡೆಯುತ್ತದೆಯೇ ಎಂದು ಟೂರ್ನಮೆಂಟಿನವರನ್ನೇ ಕೇಳಿಕೊಳ್ಳಿ. ಮಗ ಮುಂದೆ ಲೆದರ್ ಬಾಲ್ ಆಡಬೇಕೆಂದಿದ್ದರೆ ಟೆನಿಸ್ ಬ್ಯಾಟಿನಲ್ಲಿ ಅದನ್ನು ಆಡಿಸಬೇಡಿ. ಮರ ಸೀಳುತ್ತದೆ, ಕೈ ಜುಮ್ಮೆನ್ನುತ್ತದೆ.

ನೋವು ಬಂದಾಗಿದೆ, ಏನು ಮಾಡುವುದು? ಕೆಲವು ವಾರ ಬ್ಯಾಟನ್ನು ಬದಿಗಿಡಿ. ಕೈಯನ್ನು ಪೂರ್ತಿ ಕಟ್ಟಿಹಾಕಬೇಕಿಲ್ಲ. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ನೋವು ತಗ್ಗಿದ ಮೇಲೆ ವ್ಯಾಯಾಮ: ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು, ಮಣಿಕಟ್ಟನ್ನು ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ನಿಧಾನವಾಗಿ ಕೆಳಗಿಳಿಸಬೇಕು. ಹದಿನೈದು ಸಲ, ದಿನಕ್ಕೆರಡು ಬಾರಿ. ಬೇಸರ ತರುವ ವ್ಯಾಯಾಮ, ಆದರೆ ಕೆಲಸ ಮಾಡುತ್ತದೆ. ಆರು ತಿಂಗಳಿಂದ ವರ್ಷದವರೆಗೂ ಹಿಡಿಯಬಹುದು. "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಸಾರ್, ಮುಂದಿನ ವಾರ ಫೈನಲ್ ಇದೆ" ಎನ್ನುವವರು ಬಹಳ. ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಕೆಲವು ವಾರ ಆರಾಮವೇನೋ ಸಿಗುತ್ತದೆ. ಆದರೆ ವರ್ಷದ ಕೊನೆಗೆ ನೋಡಿದರೆ ಅದನ್ನು ತೆಗೆದುಕೊಂಡವರಲ್ಲೇ ನೋವು ಹೆಚ್ಚು ಉಳಿದಿರುತ್ತದೆಂದು ಅಧ್ಯಯನಗಳಿಂದ ತಿಳಿದಿದೆ. ನಾನು ಕೊಡುವುದಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಎಡಗೈ ನೋವನ್ನೆಲ್ಲ ಬ್ಯಾಟಿನ ತಲೆಗೆ ಕಟ್ಟಬೇಡಿ. ಒಂದು ಬೆರಳಿನಿಂದ ತೋರಿಸಬಹುದಾದ, ಒತ್ತಿದರೆ, ಚೊಂಬು ಎತ್ತಿದರೆ ಹೆಚ್ಚುವ ನೋವು ಮೊಣಕೈಯದು. ಎದೆ ಹಿಂಡಿದಂತಾಗುವುದು, ಬೆವರು, ಉಸಿರಾಟದ ಕಷ್ಟ, ದವಡೆಗೆ ಹರಡುವ ನೋವು, ನಡೆದರೆ ಹೆಚ್ಚುವ ನೋವು ಇದ್ದರೆ ಬೆಳಗಾಗುವವರೆಗೆ ಕಾಯಬಾರದು. ಆ ತಾಯಿ ಭಯಪಟ್ಟು ಕರೆತಂದದ್ದೇ ಸರಿ. ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದರೂ ತಪ್ಪಿರಲಿಲ್ಲ.

ಅವರ ಮಗನನ್ನೂ ಆಮೇಲೆ ಕರೆಸಿ ನೋಡಿದೆ. ಮಣಿಕಟ್ಟಿನಲ್ಲಿ ಸ್ವಲ್ಪ ನೋವಿತ್ತು. ಆಟ ನಿಲ್ಲಿಸಿಬಿಡುತ್ತಾರೆಂದು ಮನೆಯಲ್ಲಿ ಹೇಳಿರಲಿಲ್ಲ. ಎರಡು ವಾರದ ವಿಶ್ರಾಂತಿಯಲ್ಲಿ ಸರಿಹೋಯಿತು. ಈಗ ಅವನ ಕೈಯಲ್ಲಿರುವುದು ಐದನೆಯ ಅಳತೆಯ ಬ್ಯಾಟು, ಅಂಗಡಿಯಲ್ಲಿ ಅವನೇ ಎಡಗೈ ಚಾಚಿ ಎಣಿಸಿ ಕೊಂಡದ್ದು. ತಂದೆ ನಾಲ್ಕು ತಿಂಗಳ ಮೇಲೆ ರಕ್ತದೊತ್ತಡ ತೋರಿಸಲು ಬಂದಿದ್ದರು. ಆ ದೊಡ್ಡ ಬ್ಯಾಟು ಏನಾಯಿತೆಂದು ಕೇಳಿದೆ. ಮಾರಲು ಮನಸ್ಸು ಬರಲಿಲ್ಲವಂತೆ, ಅಟ್ಟದ ಮೇಲಿದೆಯಂತೆ.