ಕುದ್ರುಗಳ ಮಳೆಗಾಲ, ಅತಿಥಿಗಳ ಬೇಸಿಗೆ

ಅಫಜಲಪುರ ತಾಲ್ಲೂಕಿನ ಮಣ್ಣೂರಿನಂತಹ ಭೀಮಾ ತೀರದ ಊರುಗಳಲ್ಲಿ ನಡುಗಡ್ಡೆ ಎಂದೊಡನೆ ಜನರಿಗೆ ನೆನಪಾಗುವುದು ಪ್ರವಾಹ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟು ನದಿ ಉಕ್ಕಿದಾಗ, 2020ರ ಅಕ್ಟೋಬರ್‌ನಲ್ಲಿ ಆದಂತೆ, ಊರು ಮತ್ತು ಹೊಲಗಳೇ ಕೆಲವು ದಿನಗಳ ಮಟ್ಟಿಗೆ ನಡುಗಡ್ಡೆಗಳಾಗಿಬಿಡುತ್ತವೆ. ಕರಾವಳಿಯಲ್ಲಿ ಇದೇ ಸ್ಥಿತಿ ವರ್ಷವಿಡೀ ಇರುತ್ತದೆ. ಘಟ್ಟದಿಂದ ಇಳಿದ ನದಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿ ಹೂಳು ಮತ್ತು ಮರಳು ಸೇರಿ ಎದ್ದ ತಗ್ಗಾದ ನೆಲಗಳಲ್ಲಿ ತಲೆಮಾರುಗಳಿಂದ ಜನ ಮನೆ ಕಟ್ಟಿ, ತೆಂಗು ನೆಟ್ಟು, ಮೀನು ಹಿಡಿದು ಬಾಳುತ್ತಿದ್ದಾರೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆ ಇಂಥ ನೆಲಕ್ಕೆ ಕುದ್ರು ಎಂದೂ ಉತ್ತರ ಕನ್ನಡದಲ್ಲಿ ಕುರ್ವೆ ಎಂದೂ ಹೆಸರು. ಕುಂದಾಪುರದ ಬಳಿಯ ಉಪ್ಪಿನಕುದ್ರು, ಕೆಮ್ಮಣ್ಣಿನ ತಿಮ್ಮಣ್ಣಕುದ್ರು, ಅಘನಾಶಿನಿಯ ಐಗಳಕುರ್ವೆ, ಶರಾವತಿಯ ಮಾವಿನಕುರ್ವೆ ಇವಕ್ಕೆ ಉದಾಹರಣೆಗಳು.

ಇಲ್ಲಿನ ವರ್ಷವನ್ನು ಮಳೆ ಎರಡಾಗಿ ಸೀಳುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಈ ಅವಧಿಯಲ್ಲಿ ನದಿಯ ಸೆಳೆತಕ್ಕೆ ದೋಣಿ ನಡೆಸುವುದು ಕಷ್ಟವಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ನದಿಯ ನೆರೆಯೂ ಕಡಲಿನ ಉಬ್ಬರವೂ ಒಂದೇ ಹೊತ್ತಿಗೆ ಬಂದರೆ ನೀರು ಅಂಗಳಕ್ಕೇ ಬರುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ, ಒಣಮೀನು ಮತ್ತು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಈ ತಿಂಗಳುಗಳ ಆಸರೆ. ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳು ಬಡತನದ ತಿಂಗಳೆಂದೇ ಹೆಸರಾದದ್ದು. ಪೇಟೆಗಳಲ್ಲಿ ಈಗ ಅದನ್ನು ಹಬ್ಬವಾಗಿ ಆಚರಿಸಿ ಬಗೆಬಗೆಯ ಸೊಪ್ಪು-ಗೆಡ್ಡೆಗಳ ಊಟ ಬಡಿಸುವುದುಂಟು. ಬೇರೇನೂ ಸಿಗದಿದ್ದಾಗ ತಿಂದದ್ದೇ ಇಂದು ವಿಶೇಷ ಅಡುಗೆಯಾಗಿರುವುದು ಕಾಲದ ಒಂದು ವಿನೋದವೆನ್ನಬೇಕು.

ಅತಿಥಿಗಳ ಕಾಲವನ್ನೂ ಹಿಂದಿನಿಂದ ಪಂಚಾಂಗವೇ ನಿರ್ಧರಿಸಿದೆ. ಮೇ ತಿಂಗಳ 24ರ ಆಸುಪಾಸಿನಲ್ಲಿ, ತುಳುವಿನ ಬೇಶ ತಿಂಗಳ ಹತ್ತನೆಯ ದಿನ ಬರುವ ಪತ್ತನಾಜೆಗೆ ಭೂತಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ನಿಂತು, ಮಳೆ ಕಳೆದ ಮೇಲಷ್ಟೇ ಮತ್ತೆ ಆರಂಭವಾಗುತ್ತವೆ. ನೆಂಟರು ಬರುವುದು, ಮದುವೆಗಳು ನಡೆಯುವುದು, ಹರಕೆ ಸಲ್ಲುವುದು ಹೆಚ್ಚಾಗಿ ಈ ಒಣ ತಿಂಗಳುಗಳಲ್ಲಿಯೇ. ಬಂದವರಿಗೆ ಮೊದಲು ಬೆಲ್ಲದ ತುಂಡು ಮತ್ತು ನೀರು ಕೊಟ್ಟು ಆಸರು ತಣಿಸುವುದು, ಅಂದರೆ ಬಾಯಾರಿಕೆ ನೀಗಿಸುವುದು, ಕರಾವಳಿಯ ಮನೆಗಳಲ್ಲಿ ರೂಢಿಯಾಗಿ ಬಂದ ಮರ್ಯಾದೆ. ಊಟದ ಮಾತು ಅನಂತರದ್ದು. ಕುದ್ರುವಿನ ಮನೆಯಲ್ಲಿ ಅಡುಗೆಗೆ ಅಷ್ಟು ಕೊರತೆಯಿರುವುದಿಲ್ಲ: ಇಳಿತದ ಹೊತ್ತಿನಲ್ಲಿ ಹೊಳೆಯ ಮರಳು ಕೆದಕಿ ತೆಗೆದ ಚಿಪ್ಪುಮೀನು (ಉಡುಪಿಯಲ್ಲಿ ಮರ್ವಾಯಿ, ಉತ್ತರ ಕನ್ನಡದಲ್ಲಿ ಬಳಚು), ಹೊಳೆಯ ಕಾಣೆ ಮೀನು, ಕುಚ್ಚಲಕ್ಕಿಯ ಅನ್ನ, ತೆಂಗು ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕೊರತೆ ಕಾಣಿಸಿಕೊಳ್ಳುವುದು ಬೆಲ್ಲದ ಜೊತೆಗೆ ಕೊಡುವ ಆ ನೀರಿನಲ್ಲಿಯೇ.

ಸುತ್ತಲೂ ಉಪ್ಪುನೀರಿರುವ ತಗ್ಗು ನೆಲದಲ್ಲಿ ಸಿಹಿನೀರಿನ ಬಾವಿ ಇರುವುದು ಹೇಗೆ ಎಂಬುದು ಸಹಜವಾದ ಪ್ರಶ್ನೆ. ಮರಳಿನಲ್ಲಿ ಇಂಗಿದ ಮಳೆನೀರು ಕಡಲಿನ ನೀರಿಗಿಂತ ತುಸು ಹಗುರವಾದ ಕಾರಣ ಅದರೊಡನೆ ಬೇಗ ಬೆರೆಯದೆ ಅದರ ಮೇಲೆ ತೇಲುತ್ತ, ನಡುವೆ ದಪ್ಪವಾಗಿಯೂ ಅಂಚುಗಳಲ್ಲಿ ತೆಳ್ಳಗಾಗಿಯೂ ನಿಲ್ಲುತ್ತದೆ. ಈ ಆಕಾರದಿಂದಾಗಿ ವಿಜ್ಞಾನಿಗಳು ಅದನ್ನು ಸಿಹಿನೀರಿನ ಮಸೂರ ಎನ್ನುತ್ತಾರೆ. ನೆಲದೊಳಗಿನ ಸಿಹಿನೀರಿನ ಮಟ್ಟ ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರಬಲ್ಲದು ಎಂಬುದು ಒಂದು ಸ್ಥೂಲ ಸೂತ್ರ. ಡಚ್ ಸೇನಾಧಿಕಾರಿ ಬಾಡೋನ್ ಗೈಬೆನ್ 19ನೆಯ ಶತಮಾನದ ಕೊನೆಯಲ್ಲಿಯೂ ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿಯೂ ಪ್ರತ್ಯೇಕವಾಗಿ ಇದನ್ನು ವಿವರಿಸಿದ್ದರಿಂದ ಸೂತ್ರಕ್ಕೆ ಇಬ್ಬರ ಹೆಸರೂ ಸೇರಿದೆ. ಹೆರ್ಜ್‌ಬರ್ಗ್ ಬರೆದದ್ದು ಉತ್ತರ ಸಮುದ್ರ ತೀರದ ವಿಹಾರಧಾಮಗಳಿಗೆ ನೀರು ಒದಗಿಸುವ ಬಗ್ಗೆ ಎಂಬುದು ಇಲ್ಲಿ ಗಮನಾರ್ಹ, ಏಕೆಂದರೆ ಅಲ್ಲಿಯೂ ಪ್ರಶ್ನೆಯನ್ನು ಎತ್ತಿದ್ದು ಬೇಸಿಗೆಯ ಅತಿಥಿಗಳ ಬಾಯಾರಿಕೆಯೇ.

ಈ ಸೂತ್ರ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ. ನೀರಿನ ಮಟ್ಟ ಮೇಲ್ಗಡೆ ಒಂದು ಅಡಿ ಇಳಿದರೆ, ಲೆಕ್ಕದ ಪ್ರಕಾರ, ಕೆಳಗಿನ ಉಪ್ಪುನೀರು ಕ್ರಮೇಣ ಅದರ ಹತ್ತಾರು ಪಟ್ಟು ಮೇಲೇರುತ್ತದೆ. ಕೊಡದಲ್ಲಿ ಸೇದುತ್ತಿದ್ದ ಕಾಲದಲ್ಲಿ ಆಳವಿಲ್ಲದ ತೆರೆದ ಬಾವಿಗಳು ಮಸೂರದ ಮೇಲ್ಪದರವನ್ನಷ್ಟೇ ತೆಗೆಯುತ್ತಿದ್ದವು. ಪಂಪು ಒಂದೇ ಕಡೆಯಿಂದ ರಭಸವಾಗಿ ಎಳೆದಾಗ ಅದರ ಅಡಿಯಲ್ಲಿ ಉಪ್ಪುನೀರು ಶಂಕುವಿನಂತೆ ಮೇಲೇಳುತ್ತದೆ, ಒಮ್ಮೆ ಉಪ್ಪಾದ ಬಾವಿ ತಿಳಿಯಾಗಲು ಮುಂದಿನ ಮಳೆಗಾಲವನ್ನೇ ಕಾಯಬೇಕಾಗಬಹುದು. ಮಸೂರ ತುಂಬುವುದು ಅತಿಥಿಗಳಿಲ್ಲದ ನಾಲ್ಕು ತಿಂಗಳಲ್ಲಿ, ಕುಗ್ಗುವುದು ಅತಿಥಿಗಳು ಬರುವ ತಿಂಗಳುಗಳಲ್ಲಿ. ಹೋಂಸ್ಟೇಗಳಿಗೆ ಬೇಡಿಕೆ ಹೆಚ್ಚುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಅದು ಅತ್ಯಂತ ತೆಳುವಾಗಿರುತ್ತದೆ. ಕುದ್ರುವಿನಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಕೋಣೆಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಬಾವಿಯ ಲೆಕ್ಕದಲ್ಲಿ ಹೇಳುವುದೇ ಸರಿ. ಶೌಚಗುಂಡಿಯ ಮಾತೂ ಇದಕ್ಕೆ ಸೇರಿದ್ದು: ಮರಳು ನೆಲದಲ್ಲಿ ಗುಂಡಿಗೂ ಬಾವಿಗೂ ನಡುವೆ ಅಡ್ಡಗೋಡೆಯೆಂಬುದಿಲ್ಲ.

ಎಲ್ಲ ದ್ವೀಪಗಳೂ ಅತಿಥಿಗಳನ್ನು ಒಂದೇ ಬಗೆಯಲ್ಲಿ ಬರಮಾಡಿಕೊಳ್ಳುವುದಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಜನವಸತಿಯಿಲ್ಲ. ಕಂಬಗಳಂತೆ ನಿಂತ ಲಾವಾ ಶಿಲೆಗಳನ್ನು ನೋಡಿ ಜನ ಹಗಲಿನಲ್ಲೇ ಮರಳುತ್ತಾರೆ, ಮಳೆಗಾಲದಲ್ಲಿ ದೋಣಿಸಂಚಾರವೇ ಇರುವುದಿಲ್ಲ. ಕಾರವಾರದ ಎದುರಿನ ಕೂರ್ಮಗಡಕ್ಕೆ ಪುಷ್ಯ ಹುಣ್ಣಿಮೆಯ ದಿನ ನರಸಿಂಹ ದೇವರ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಒಣ ತಿಂಗಳೆಂದ ಮಾತ್ರಕ್ಕೆ ಕಡಲು ಅಂಕೆಯಲ್ಲಿರುತ್ತದೆಂದು ತಿಳಿಯಲಾಗದು. ಇಂದು ರಸ್ತೆಯಿಂದಲೇ ತಲುಪಬಹುದಾದ ಉಪ್ಪಿನಕುದ್ರುವಿಗೆ ಜನರನ್ನು ಕರೆತರುವುದು ಗೊಂಬೆಯಾಟ. ಬಡಗುತಿಟ್ಟಿನ ಯಕ್ಷಗಾನದ ವೇಷ ತೊಟ್ಟ ಸೂತ್ರದ ಗೊಂಬೆಗಳನ್ನು ಆಡಿಸುವ ಕಲೆಯನ್ನು ಇಲ್ಲಿನ ಕಾಮತ್ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದೆ. ಕೊಗ್ಗ ದೇವಣ್ಣ ಕಾಮತರು ಅದಕ್ಕೆ ದೇಶವಿದೇಶಗಳಲ್ಲಿ ಹೆಸರು ತಂದರು, ಈಗ ಗೊಂಬೆಮನೆಯೆಂಬ ರಂಗಮಂದಿರ ಊರಿನಲ್ಲಿಯೇ ಪ್ರೇಕ್ಷಕರನ್ನು ಬರಮಾಡಿಕೊಳ್ಳುತ್ತಿದೆ. ಅತಿಥಿಯನ್ನು ಸಂಜೆಯ ಮಟ್ಟಿಗೆ ಕರೆದು ಆಟ ತೋರಿಸಿ ಕಳಿಸುವ ಈ ಕ್ರಮ ಬಾವಿಗಳಿಗೂ ಹಗುರವೆಂಬುದು ಬಹುಶಃ ಯಾರೂ ಯೋಜಿಸದೆ ಒದಗಿದ ಲಾಭ.

ಕಾನೂನು ಅಳೆಯುವುದು ದೂರವನ್ನು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ತೀರಕ್ಕೆ ಹತ್ತಿರದ ದ್ವೀಪಗಳಲ್ಲಿಯೂ ಹಿನ್ನೀರಿನ ದ್ವೀಪಗಳಲ್ಲಿಯೂ ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 20 ಮೀಟರ್ ಒಳಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸುತ್ತದೆ. ಈ ಅಳತೆ ದಡವನ್ನು ಕೊರೆತದಿಂದ ಕಾಪಾಡಿ ಹೊಳೆಯಂಚಿನ ಕಾಂಡ್ಲಾ ಗಿಡಗಳಿಗೂ ರಕ್ಷಣೆ ಕೊಡಬಹುದು. ಆದರೆ ಮಸೂರ ಅತಿ ದಪ್ಪವಾಗಿರುವುದು ದ್ವೀಪದ ನಡುವಿನಲ್ಲಿ, ಮನೆಗಳೂ ಬಾವಿಗಳೂ ಪಂಪುಗಳೂ ಹೆಚ್ಚಾಗಿ ಕೂಡಿರುವುದೂ ಅಲ್ಲಿಯೇ.