ಉಪವಾಸವೂ ಮೇದಃಕ್ಷಯವೂ

ಊಟವನ್ನು ಬಿಡುವುದು, ಊಟದ ಹೊತ್ತುಗಳನ್ನು ಕಡಮೆಮಾಡುವುದು ಈ ಎರಡೂ ಕನ್ನಡನಾಡಿನ ಜನಕ್ಕೆ ಬಹು ಪುರಾತನ ಕಾಲದಿಂದ ಪರಿಚಿತವಾದ ಆಚರಣೆಗಳು. ಏಕಾದಶಿಯ ನಿರಾಹಾರ, ಶಿವರಾತ್ರಿಯ ಜಾಗರಣೆಯೊಡನೆ ನಡೆಯುವ ಉಪವಾಸ, ಜೈನರ ಅನಶನ, ಮುಸಲ್ಮಾನರ ರಂಜಾನ್ ತಿಂಗಳ ವ್ರತ ಮುಂತಾದವುಗಳಲ್ಲಿ ದೇಹವನ್ನು ತೆಳುವಾಗಿಸಬೇಕೆಂಬ ಉದ್ದೇಶವು ಎಲ್ಲಿಯೂ ಇಲ್ಲ. 'ಉಪವಾಸ' ಶಬ್ದಕ್ಕೆ ಸಮೀಪದಲ್ಲಿ ವಾಸಮಾಡುವುದೆಂಬುದೇ ಮೂಲಾರ್ಥ. ಅನ್ನತ್ಯಾಗವೆಂಬ ಅರ್ಥವು ಅದಕ್ಕೆ ರೂಢಿಯಿಂದ ಬಂದುದು. ದೇಹವನ್ನು ಹಗುರಮಾಡುವ ಕ್ರಿಯೆಗೆ ವೈದ್ಯರು ಇಟ್ಟ ಹೆಸರು ಬೇರೆ, ಅದು 'ಲಂಘನ'. ಚರಕಸಂಹಿತೆಯ ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಲಂಘನವು ಹತ್ತು ವಿಧವೆಂದು ಹೇಳಿದೆ. ಆ ಹತ್ತರಲ್ಲಿ ಉಪವಾಸವು ಒಂದು ಮಾತ್ರ. ವ್ಯಾಯಾಮವೂ ಅವುಗಳಲ್ಲಿ ಸೇರಿದೆ. ಲಂಘನವೆಂದರೆ ಹೊಟ್ಟೆಯನ್ನು ಬರಿದುಮಾಡಿಕೊಳ್ಳುವುದಷ್ಟೇ ಎಂಬ ರೂಢಿಯ ತಿಳಿವಳಿಕೆಗೆ ಮೂಲಗ್ರಂಥದ ಆಧಾರವಿಲ್ಲ.

ಇತ್ತೀಚಿನ ದಶಕಗಳಲ್ಲಿ ಸ್ಥೂಲಕಾಯರಿಗೆ ಎರಡು ಉಪದೇಶಗಳು ದೊರೆಯುತ್ತಿವೆ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಿದ್ದರೆ ಒಳಗಿನ ಬೆಂಕಿಯು ಆರದೆ ಉರಿದು ಕೊಬ್ಬನ್ನು ಸುಡುವುದೆಂಬುದು ಒಂದು. ಬಹಳ ಹೊತ್ತು ಏನನ್ನೂ ತಿನ್ನದಿದ್ದರೆ ಬೆಂಕಿಗೆ ಬೇರೆ ಸೌದೆಯಿಲ್ಲದೆ ಅದು ಕೊಬ್ಬನ್ನೇ ಸುಡುವುದೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾದ ಈ ಎರಡು ಉಪದೇಶಗಳೂ ಒಂದೇ ರೂಪಕವನ್ನು ಆಶ್ರಯಿಸಿ ನಿಂತಿರುವುದು ಗಮನಾರ್ಹವಾಗಿದೆ. ಒಂದೇ ಉಪಮಾನದಿಂದ ಎರಡು ವಿರುದ್ಧ ಸಿದ್ಧಾಂತಗಳು ಹೊರಡುವುದಾದರೆ ನಿರ್ಣಯವನ್ನು ಉಪಮಾನಕ್ಕೆ ಬಿಡದೆ ಅಳತೆಗೆ ಬಿಡುವುದು ಯುಕ್ತ.

ಬೆಂಕಿಯ ಮಾತು ನಿರಾಧಾರವಾದುದೇನೂ ಅಲ್ಲ. ಉಸಿರಾಟವು ಒಂದು ಬಗೆಯ ಮಂದದಹನವೆಂದು ಫ್ರಾನ್ಸಿನ ಲವಾಸಿಯೆ 18ನೆಯ ಶತಮಾನದಲ್ಲಿಯೇ ತೋರಿಸಿದನು. ಪ್ರಾಣಿಯು ಸೇವಿಸುವ ಆಮ್ಲಜನಕವನ್ನೂ ಬಿಡುವ ಇಂಗಾಲಾಮ್ಲ ವಾಯುವನ್ನೂ ದೇಹದಿಂದ ಹೊರಡುವ ಶಾಖವನ್ನೂ ಅಳೆದರೆ, ಎಷ್ಟು ಕೊಬ್ಬು, ಎಷ್ಟು ಪಿಷ್ಟ ವ್ಯಯವಾಯಿತೆಂದು ಲೆಕ್ಕ ಹಾಕಬಹುದು. ದೇಹದೊಳಗೆ ಎಡೆಬಿಡದೆ ನಡೆಯುವ ಈ ಕೂಡಿಡುವ ಮತ್ತು ಒಡೆಯುವ ಕಾರ್ಯಗಳ ಮೊತ್ತಕ್ಕೆ ಚಯಾಪಚಯವೆಂದು ಹೆಸರು. ಮನುಷ್ಯನು ಸುಮ್ಮನೆ ಮಲಗಿದ್ದರೂ ಹೃದಯ, ಯಕೃತ್ತು, ಮಿದುಳು ಮೊದಲಾದವುಗಳ ಕೆಲಸಕ್ಕಾಗಿ ಶಕ್ತಿ ವ್ಯಯವಾಗುತ್ತಲೇ ಇರುವುದು. ಸಾಮಾನ್ಯವಾಗಿ ದಿನದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಇದೇ. ಉಂಡ ಆಹಾರವನ್ನು ಅರಗಿಸಿ ಶೇಖರಿಸುವ ಕೆಲಸಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೋಗುವುದು. ಉಳಿದುದು ನಡೆದಾಟಕ್ಕೂ ದುಡಿಮೆಗೂ ಸಲ್ಲುವುದು.

ಪೂರ್ಣೋಪವಾಸದಲ್ಲಿ ಈ ವೆಚ್ಚವು ಹೇಗೆ ಬದಲಾಗುವುದೆಂಬುದಕ್ಕೆ ಈಗಲೂ ಉದಾಹರಿಸಲ್ಪಡುವ ಪ್ರಯೋಗವು 1912ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ಕಾರ್ನೆಗಿ ಸಂಸ್ಥೆಯ ಪೋಷಣಶಾಲೆಯಲ್ಲಿ ನಡೆಯಿತು. ಅದರ ನಿರ್ದೇಶಕನಾದ ಫ್ರಾನ್ಸಿಸ್ ಬೆನೆಡಿಕ್ಟನು ಮಾಲ್ಟಾ ದ್ವೀಪದ ಲೆವಾನ್ಜಿನ್ ಎಂಬವನನ್ನು ಬರಮಾಡಿಕೊಂಡು 31 ದಿನಗಳ ಕಾಲ ನೀರೊಂದರ ಮೇಲೆಯೇ ಇರಿಸಿದನು. ಲೆವಾನ್ಜಿನನು ಉಪವಾಸದ ಮಹಿಮೆಯಲ್ಲಿ ದೃಢವಾದ ನಂಬಿಕೆಯುಳ್ಳವನು. ಬೆನೆಡಿಕ್ಟನು ತಕ್ಕಡಿಯನ್ನಲ್ಲದೆ ಮತ್ತೇನನ್ನೂ ನಂಬದವನು. ಇಂಥ ಇಬ್ಬರ ಸಹಯೋಗವು ಒಂದು ತಿಂಗಳು ಮುರಿಯದೆ ನಡೆದುದೇ ಒಂದು ವಿಶೇಷ. ಉಪವಾಸಿಯು ರಾತ್ರಿಯಲ್ಲಿ ಶಾಖವನ್ನಳೆಯುವ ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಮಲಗುತ್ತಿದ್ದನು. ಹಗಲಿನಲ್ಲಿ ಅವನ ತೂಕ, ಉಸಿರು, ನಾಡಿ, ಮೂತ್ರ ಎಲ್ಲವೂ ಪರೀಕ್ಷಿಸಲ್ಪಡುತ್ತಿದ್ದುವು. ಇದರ ವರದಿಯು 1915ರಲ್ಲಿ ಗ್ರಂಥರೂಪವಾಗಿ ಹೊರಬಂದಿತು.

ಆರಂಭದಲ್ಲಿ ಸುಮಾರು 60 ಕಿಲೋಗ್ರಾಂ ಇದ್ದ ಅವನ ದೇಹವು ಕಡೆಗೆ ಸುಮಾರು 47ಕ್ಕೆ ಇಳಿಯಿತು. ಆದರೆ ಇಳಿದುದೆಲ್ಲವೂ ಕೊಬ್ಬೇ ಎಂದು ಭಾವಿಸುವುದು ತಪ್ಪು. ಮಾಂಸವು ಕರಗಿದರೆ ಅದರಲ್ಲಿರುವ ಸಾರಜನಕವು ಮೂತ್ರದಲ್ಲಿ ಹೊರಬೀಳುವುದು, ಕೊಬ್ಬಿನಲ್ಲಿ ಸಾರಜನಕವಿಲ್ಲ. ಆದುದರಿಂದ ಮೂತ್ರದ ಸಾರಜನಕವು ಮಾಂಸನಷ್ಟದ ಲೆಕ್ಕಪುಸ್ತಕವೆಂದೇ ಹೇಳಬಹುದು. ಮೊದಲ ದಿನ ಅದು ಸುಮಾರು 7 ಗ್ರಾಂ ಇದ್ದಿತು. ನಾಲ್ಕನೆಯ ದಿನ 12 ಗ್ರಾಮಿನ ಸಮೀಪಕ್ಕೆ ಏರಿತು. ಅಲ್ಲಿಂದ ಮುಂದೆ ಮೆಲ್ಲಮೆಲ್ಲನೆ ಇಳಿಯುತ್ತ ಬಂದು ಕಡೆಯ ದಿನ ಮತ್ತೆ 7ರ ಹತ್ತಿರ ನಿಂತಿತು. ಹತ್ತು ಗ್ರಾಂ ಸಾರಜನಕವೆಂದರೆ ಸುಮಾರು 62 ಗ್ರಾಂ ಪ್ರೋಟೀನು; ನೀರಿನಂಶವನ್ನೂ ಸೇರಿಸಿದರೆ ಸುಮಾರು 300 ಗ್ರಾಂ ಮಾಂಸ. ಉಪವಾಸದ ಮೊದಲ ವಾರದಲ್ಲಿ ದೇಹವು ದಿನವೊಂದಕ್ಕೆ ತೆರುವ ಸುಂಕವು ಇಷ್ಟು ದೊಡ್ಡದು. ಇದಲ್ಲದೆ ವಿಶ್ರಾಂತಿಯಲ್ಲಿ ದೇಹದಿಂದ ಹೊರಡುವ ಶಾಖವೂ ತಿಂಗಳೊಳಗಾಗಿ ಸುಮಾರು ಕಾಲು ಭಾಗದಷ್ಟು ಕುಗ್ಗಿತು.

ಸಾರಜನಕವು ಮೊದಲು ಏರಿ ಬಳಿಕ ಇಳಿದುದೇಕೆ? ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶರ್ಕರವು ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡಲ್ಪಟ್ಟಿರುವುದು. ಯಕೃತ್ತಿನ ಪಾಲು ಸುಮಾರು 100 ಗ್ರಾಂ. ಅದು ಒಂದು ದಿನದ ಉಪವಾಸಕ್ಕೆ ಬಹುಮಟ್ಟಿಗೆ ತೀರಿಹೋಗುವುದು. ಮಿದುಳಿಗಾದರೋ ಶರ್ಕರವು ಬೇಕೇ ಬೇಕು. ಕೊಬ್ಬಿನ ಮುಖ್ಯಾಂಶವಾದ ಮೇದೋಮ್ಲಗಳಿಂದ ಶರ್ಕರವನ್ನು ಮಾಡುವ ಉಪಾಯವು ಮನುಷ್ಯದೇಹಕ್ಕೆ ತಿಳಿಯದು. ಹೀಗಿರಲು ಯಕೃತ್ತು ಮಾಂಸದ ಪ್ರೋಟೀನನ್ನು ಒಡೆದು ಶರ್ಕರವನ್ನು ಒದಗಿಸತೊಡಗುವುದು. ಸಾರಜನಕವು ಏರಿದುದು ಇದರಿಂದ. ಇಳಿತದ ಕಾರಣವು ಮಾತ್ರ ಅರ್ಧಶತಮಾನದ ಬಳಿಕ, ಅದೇ ಬಾಸ್ಟನ್ ನಗರದಲ್ಲಿ ತಿಳಿದುಬಂದಿತು. 1967ರಲ್ಲಿ ಓವೆನ್, ಕ್ಯಾಹಿಲ್ ಮತ್ತು ಅವರ ಸಹಕಾರಿಗಳು ಐದಾರು ವಾರ ಉಪವಾಸದಲ್ಲಿದ್ದ ಸ್ಥೂಲಕಾಯರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಪರೀಕ್ಷಿಸಿ, ಕೊಬ್ಬಿನಿಂದ ಹುಟ್ಟುವ ಕೀಟೋನುಗಳೇ ಮಿದುಳಿನ ಮುಖ್ಯ ಇಂಧನವಾಗಿ ಪರಿಣಮಿಸಿದ್ದುವೆಂದು ತೋರಿಸಿದರು. ಮಿದುಳು ತನ್ನ ಹಟವನ್ನು ಬಿಟ್ಟಮೇಲೆ ಮಾಂಸದ ಮೇಲಣ ಸುಂಕವು ತಗ್ಗಿತು.

ಉಪವಾಸದ ಮೊದಲೆರಡು ದಿನಗಳಲ್ಲಿ ತೂಕವು ಆಶ್ಚರ್ಯಕರವಾಗಿ ಇಳಿಯುವುದರ ಗುಟ್ಟೂ ಇಲ್ಲಿಯೇ ಇದೆ. ಗ್ಲೈಕೋಜೆನ್ ತನ್ನ ತೂಕದ ಸುಮಾರು ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುವುದು. ಅದು ಕರಗಿದಾಗ ನೀರೂ ಹೊರಹೋಗುವುದು. ಒಂದು ಕಿಲೋಗ್ರಾಂ ಮೇದಸ್ಸಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 1,900 ಕ್ಯಾಲೊರಿ ವ್ಯಯಮಾಡುವವನು ಏನನ್ನೂ ತಿನ್ನದೆ, ಆ ವ್ಯಯವೆಲ್ಲವನ್ನೂ ಕೊಬ್ಬಿನಿಂದಲೇ ತುಂಬಿದನೆಂದು ಇಟ್ಟುಕೊಂಡರೂ ಕರಗುವ ಮೇದಸ್ಸು ಕಾಲು ಕಿಲೋಗ್ರಾಮನ್ನು ದಾಟಲಾರದು. ಒಂದೇ ದಿನದಲ್ಲಿ ಒಂದು ಕಿಲೋಗ್ರಾಂ ಕೊಬ್ಬನ್ನು ಕಳೆದೆನೆಂದು ಹೇಳುವವರು ಕಳೆದುಕೊಂಡಿರುವುದು ಹೆಚ್ಚಾಗಿ ನೀರನ್ನು. ಅದು ಮರುದಿನದ ಊಟದೊಡನೆ ಹಿಂದಿರುಗುವುದು.

ಒಂದು ಹೊತ್ತು ಊಟ ತಪ್ಪಿದರೆ ಚಯಾಪಚಯವು ಕುಗ್ಗಿಬಿಡುವುದೆಂಬ ಭಯವು ನಿರಾಧಾರವಾದುದು. 2000ದಲ್ಲಿ ಪ್ರಕಟವಾದ ವಿಯೆನ್ನಾ ನಗರದ ಪ್ರಯೋಗದಲ್ಲಿ 11 ಮಂದಿ ಆರೋಗ್ಯವಂತರು 84 ಗಂಟೆಗಳ ಕಾಲ ಉಪವಾಸವಿದ್ದರು. ಅವರ ವಿಶ್ರಾಂತಿಯ ವೆಚ್ಚವು ಕುಗ್ಗುವುದಕ್ಕೆ ಬದಲಾಗಿ ಸ್ವಲ್ಪ ಏರಿತು. ರಕ್ತದಲ್ಲಿ ನಾರ್‌ಅಡ್ರಿನಲಿನ್ ಎಂಬ ಉತ್ತೇಜಕ ರಸವು ಹೆಚ್ಚಿದುದು ಇದರೊಡನೆ ಕಂಡುಬಂದಿತು. ಆದರೆ ಈ ಏರಿಕೆಯು ತಾತ್ಕಾಲಿಕವಾದುದು, ಚಿಕ್ಕದು. ಇದನ್ನು ಹಿಡಿದುಕೊಂಡು ಉಪವಾಸವು ಕೊಬ್ಬನ್ನು ಸುಡುವ ಕುಲುಮೆಯೆಂದು ಸಾರುವುದೂ ಅತಿಶಯೋಕ್ತಿಯೇ. ಕುಗ್ಗುವಿಕೆಯು ನಿಜವಾಗಿ ಕಾಣುವುದು ದೀರ್ಘಕಾಲದ ಕೊರತೆಯಲ್ಲಿ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ ಏನ್ಸೆಲ್ ಕೀಸನು 36 ಮಂದಿ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದನು. ಯುದ್ಧದಿಂದ ಹಸಿದಿದ್ದ ಯೂರೋಪಿನ ಜನಕ್ಕೆ ಮತ್ತೆ ಅನ್ನವಿಕ್ಕುವ ಬಗೆಯನ್ನು ತಿಳಿಯುವುದು ಅದರ ಉದ್ದೇಶ. ಆ ತರುಣರ ತೂಕವು ಸುಮಾರು ಕಾಲು ಭಾಗ ಇಳಿಯಿತು. ವಿಶ್ರಾಂತಿಯ ವೆಚ್ಚವು ಸುಮಾರು ಶೇಕಡಾ 40ರಷ್ಟು ಇಳಿಯಿತು. ದೇಹವು ಚಿಕ್ಕದಾದಷ್ಟೂ ವೆಚ್ಚವು ಕಡಮೆಯಾಗುವುದು ಸಹಜ. ಆದರೆ ಉಳಿದ ಅಂಗಗಳೂ ಮೊದಲಿಗಿಂತ ಮಿತವ್ಯಯದಿಂದ ನಡೆಯತೊಡಗಿದ್ದುವು.

ಇನ್ನು ಊಟದ ಹೊತ್ತುಗಳ ಸಂಖ್ಯೆಯ ವಿಚಾರ. ಹಲವು ಸಲ ಉಣ್ಣುವುದು ಒಳ್ಳೆಯದೆಂಬ ಮತಕ್ಕೆ ಬಲವನ್ನು ಕೊಟ್ಟುದು ಪ್ರಾಗ್ ನಗರದಲ್ಲಿ ಫಾಬ್ರಿ ಮತ್ತು ಅವನ ಸಹಕಾರಿಗಳು 1964ರಲ್ಲಿ ಪ್ರಕಟಿಸಿದ ಲೇಖನ. 60ರಿಂದ 64 ವರ್ಷದ 379 ಮಂದಿ ಪುರುಷರನ್ನು ವಿಚಾರಿಸಿ ನೋಡಲಾಗಿ, ದಿನಕ್ಕೆ ಹೆಚ್ಚು ಸಲ ಉಣ್ಣುವವರಲ್ಲಿ ಸ್ಥೂಲರು ಕಡಮೆಯಾಗಿಯೂ ಮೂರು ಸಲ ಅಥವಾ ಅದಕ್ಕಿಂತ ಕಡಮೆ ಉಣ್ಣುವವರಲ್ಲಿ ಹೆಚ್ಚಾಗಿಯೂ ಕಂಡುಬಂದರು. ಇಲ್ಲಿ ಕಾರ್ಯಕಾರಣಗಳ ಸಂಬಂಧವು ತಲೆಕೆಳಗಾಗಿರುವ ಸಂಭವವುಂಟು. ಸ್ಥೂಲನಾದವನೇ ಮೈ ಇಳಿಸುವ ಆಸೆಯಿಂದ ಊಟವನ್ನು ಬಿಡುವನು. ಬಾಯಾಡಿಸಿದುದನ್ನು ಲೆಕ್ಕಕ್ಕೆ ತಾರದೆ ಮರೆಯುವವನೂ ಹೆಚ್ಚಾಗಿ ಅವನೇ. ಕೊಡೆ ಹಿಡಿದವರು ಹೆಚ್ಚಿದ್ದ ದಿನ ಮಳೆ ಬಂದುದರಿಂದ ಕೊಡೆಯೇ ಮಳೆಗೆ ಕಾರಣವೆಂದಂತೆ ಇದು ಆಗಬಾರದು.

ಅಳತೆಯ ಸಾಕ್ಷ್ಯವೂ ಆ ಮತಕ್ಕೆ ಅನುಕೂಲವಾಗಿಲ್ಲ. ಉಂಡ ಬಳಿಕ ಚಯಾಪಚಯವು ಏರುವುದು ನಿಜ. ಆದರೆ ಆ ಏರಿಕೆಯು ಉಂಡ ಪ್ರಮಾಣವನ್ನು ಅನುಸರಿಸುವುದು. 1,800 ಕ್ಯಾಲೊರಿಯ ಆಹಾರವನ್ನು ಆರು ಸಲ ಹಂಚಿದರೆ ಪ್ರತಿಸಲವೂ 30 ಕ್ಯಾಲೊರಿಯಂತೆ 180. ಎರಡು ಸಲ ಹಂಚಿದರೆ 90ರಂತೆ ಅದೇ 180. ಈ ಬಗೆಗೆ ನಡೆದ ಪ್ರಯೋಗಗಳನ್ನೆಲ್ಲ 1997ರಲ್ಲಿ ಬೆಲ್ಲಿಲ್, ಮೆಕ್‌ಡೆವಿಟ್, ಪ್ರೆಂಟಿಸ್ ಎಂಬ ಮೂವರು ವಿಮರ್ಶಿಸಿ, ಊಟದ ಸಂಖ್ಯೆಯಿಂದ ದಿನದ ಒಟ್ಟು ವೆಚ್ಚವು ಬದಲಾಗುವುದಿಲ್ಲವೆಂದು ನಿರ್ಣಯಿಸಿದರು. ಕೆನಡಾ ದೇಶದ ಆಟವಾ ನಗರದಲ್ಲಿ 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಮಾನವಾದ ಕಡಿತದ ಆಹಾರವನ್ನು ಎಂಟು ವಾರ ಮೂರು ಸಲ ಉಂಡವರೂ, ಮೂರು ಊಟಗಳ ಜೊತೆಗೆ ಮೂರು ಉಪಾಹಾರಗಳಾಗಿ ಉಂಡವರೂ ಒಂದೇ ಸಮನಾಗಿ ಇಳಿದರು.

ಆದರೆ ಫಾಬ್ರಿಯ ಅದೇ ಪ್ರಾಗ್ ನಗರದಿಂದ 2014ರಲ್ಲಿ ಬೇರೊಂದು ಫಲವು ಹೊರಬಂದಿತು. ಮಧುಮೇಹವುಳ್ಳ 54 ಮಂದಿಗೆ ಸಮಾನವಾದ ಕಡಿತದ ಆಹಾರವನ್ನು 12 ವಾರ ಆರು ಊಟಗಳಾಗಿಯೂ ಇನ್ನು 12 ವಾರ ಬೆಳಗ್ಗೆ ಮತ್ತು ಮಧ್ಯಾಹ್ನ ಎರಡೇ ಊಟಗಳಾಗಿಯೂ ಕೊಟ್ಟರು. ಆರು ಊಟಗಳಲ್ಲಿ ಸರಾಸರಿ 2.3 ಕಿಲೋಗ್ರಾಂ, ಎರಡು ಊಟಗಳಲ್ಲಿ 3.7 ಕಿಲೋಗ್ರಾಂ ಇಳಿಯಿತು. ಈ ವ್ಯತ್ಯಾಸವು ಸಂಖ್ಯೆಯಿಂದ ಬಂದುದೋ, ರಾತ್ರಿಯ ಊಟವನ್ನು ಬಿಟ್ಟುದರಿಂದ ಬಂದುದೋ ಎಂಬುದನ್ನು ಆ ಪ್ರಯೋಗದ ರಚನೆಯು ಬೇರ್ಪಡಿಸಲಾರದು. ಹೇಗಿದ್ದರೂ ಪದೇಪದೇ ಉಣ್ಣಬೇಕೆಂಬ ಮತಕ್ಕೆ ಇದರಿಂದ ಸಹಾಯವಿಲ್ಲ.

ಉಪವಾಸದ ಪಕ್ಷದವರು ಇನ್ಸುಲಿನ್ನಿನ ಯುಕ್ತಿಯನ್ನು ಮುಂದಿಡುವರು. ಉಪವಾಸದಲ್ಲಿ ಇನ್ಸುಲಿನ್ ತಗ್ಗುವುದು, ಅದು ತಗ್ಗಿದಾಗ ಕೊಬ್ಬು ಕಣಜದಿಂದ ಹೊರಡುವುದು ಎಂಬುದು ಸರಿಯಾದ ಮಾತು. ಆದರೆ ಉಂಡ ಹೊತ್ತಿನಲ್ಲಿ ಕಣಜಕ್ಕೆ ಮರಳಿ ತುಂಬುವುದೆಷ್ಟು ಎಂಬುದನ್ನೂ ಎಣಿಸದೆ ನಿವ್ವಳ ತಿಳಿಯದು. ಚಿಕಾಗೋ ನಗರದಲ್ಲಿ 100 ಮಂದಿಯ ಮೇಲೆ ಒಂದು ವರ್ಷ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನ ಬಿಟ್ಟು ದಿನ ಆಹಾರವನ್ನು ಕಾಲು ಭಾಗಕ್ಕೆ ಇಳಿಸಿದವರಿಗೂ ಪ್ರತಿದಿನ ಸ್ವಲ್ಪ ಕಡಮೆ ಉಂಡವರಿಗೂ ತೂಕದ ಇಳಿತದಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ನಡುವೆ ಬಿಟ್ಟುಹೋದವರು ಮಾತ್ರ ಮೊದಲಿನ ಪಂಗಡದಲ್ಲಿ ಹೆಚ್ಚಾಗಿದ್ದರು. ಚೀನದ ಗ್ವಾಂಗ್‌ಜೋ ನಗರದಲ್ಲಿ 139 ಮಂದಿಯ ಮೇಲೆ ಒಂದು ವರ್ಷ ನಡೆದ ಪ್ರಯೋಗವು 2022ರಲ್ಲಿ ಪ್ರಕಟವಾಯಿತು. ಬೆಳಗ್ಗೆ 8ರಿಂದ ಸಾಯಂಕಾಲ 4ರೊಳಗೆ ಮಾತ್ರ ಉಂಡವರು 8.0 ಕಿಲೋಗ್ರಾಮನ್ನೂ, ಅಷ್ಟೇ ಆಹಾರವನ್ನು ಕಾಲದ ಕಟ್ಟಿಲ್ಲದೆ ಉಂಡವರು 6.3 ಕಿಲೋಗ್ರಾಮನ್ನೂ ಕಳೆದುಕೊಂಡರು; ಗಣಿತದ ಪರೀಕ್ಷೆಯಲ್ಲಿ ಈ ಅಂತರವು ನಿಲ್ಲಲಿಲ್ಲ. ಇಂಗ್ಲೆಂಡಿನ ಬಾತ್ ನಗರದ 2014ರ ಪ್ರಯೋಗದಲ್ಲಿ ಬೇರೊಂದು ಸೂಕ್ಷ್ಮವು ಹೊರಪಟ್ಟಿತು. ಆರು ವಾರ ಮಧ್ಯಾಹ್ನದವರೆಗೆ ಏನನ್ನೂ ತಿನ್ನದ ತೆಳುದೇಹದವರ ವಿಶ್ರಾಂತಿಯ ವೆಚ್ಚವು ಬದಲಾಗಲಿಲ್ಲ. ಆದರೆ ಬೆಳಗ್ಗೆ ತಿಂದವರಿಗಿಂತ ಅವರು ತಮಗೇ ತಿಳಿಯದಂತೆ ಕಡಮೆ ಓಡಾಡಿದ್ದರು. ಉಳಿಸಿದುದು ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಸೋರಿಹೋಯಿತು.

ಕನ್ನಡದ 'ಒಪ್ಪತ್ತು' ಎಂಬ ಪದವನ್ನು ಈ ಬೆಳಕಿನಲ್ಲಿ ನೋಡಬಹುದು. ಅದು 'ಒರ್' ಮತ್ತು 'ಪೊೞ್ತು' ಸೇರಿ ಆದುದು. ಒಂದು ಹೊತ್ತು ಎಂದರ್ಥ. ಪದವು ಹೊತ್ತನ್ನು ಎಣಿಸುವುದೇ ಹೊರತು ಪ್ರಮಾಣವನ್ನಲ್ಲ. ಆಚರಣೆಯ ಹುಳುಕೂ ಅಲ್ಲಿಯೇ ಇದೆ. ಅನ್ನವನ್ನು ಒಂದೇ ಹೊತ್ತು ಉಂಡು ರಾತ್ರಿಗೆ ಉಪ್ಪಿಟ್ಟು, ಅವಲಕ್ಕಿ, ಬಾಳೆಯಹಣ್ಣು, ಹಾಲು ಇವುಗಳಿಂದ ನಡೆಯುವ ಫಲಾಹಾರವು ಬಿಟ್ಟ ಊಟಕ್ಕಿಂತ ಗುರುವಾಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ವ್ರತಕ್ಕೆ ಇದರಿಂದ ಭಂಗವಿಲ್ಲ, ಮೇದಸ್ಸಿಗೂ ಭಂಗವಿಲ್ಲ. ರಾತ್ರಿಯ ಆ ಪೂರ್ತಿಯನ್ನು ನಿಜವಾಗಿ ಕಡಮೆಮಾಡಿದವನಿಗೆ ಒಪ್ಪತ್ತು ಸುಲಭವಾದ ಸಾಧನವಾಗಬಹುದು, ಏಕೆಂದರೆ ಕ್ಯಾಲೊರಿಗಳನ್ನು ಎಣಿಸುವುದಕ್ಕಿಂತ ಹೊತ್ತನ್ನು ಎಣಿಸುವುದು ಸುಲಭ. ಇನ್ಸುಲಿನ್ ಮೊದಲಾದ ಔಷಧಗಳಿಂದ ಸಕ್ಕರೆಯನ್ನು ತಗ್ಗಿಸಿಕೊಳ್ಳುತ್ತಿರುವ ಮಧುಮೇಹಿಗಳು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕುವುದು ಅಪಾಯಕರ.

ಮಿನ್ನೆಸೋಟಾದ ತರುಣರ ಕಥೆಯಲ್ಲಿ ಹೇಳದೆ ಉಳಿದ ಒಂದು ಭಾಗವಿದೆ. ಅರೆಹೊಟ್ಟೆಯ ಅವಧಿ ಮುಗಿದು ಅವರಿಗೆ ಮತ್ತೆ ಅನ್ನವಿಕ್ಕತೊಡಗಿದಾಗ, ಕಳೆದುಕೊಂಡ ಮಾಂಸಕ್ಕಿಂತ ಕೊಬ್ಬು ಬೇಗನೆ ಹಿಂದಿರುಗಿತು. ಕಡಿವಾಣವಿಲ್ಲದ ಊಟವು ದೊರೆತ ವಾರಗಳಲ್ಲಿ, ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ಹಿಂಗದೆಂದು ಅವರಲ್ಲಿ ಕೆಲವರು ಹೇಳುತ್ತಿದ್ದರು. ತೂಕವು ಮೊದಲಿನ ಮಟ್ಟವನ್ನು ಮುಟ್ಟುವ ಹೊತ್ತಿಗೆ ಅವರ ಮೈಯಲ್ಲಿದ್ದ ಮೇದಸ್ಸು, ಪ್ರಯೋಗದ ಮೊದಲ ದಿನ ಇದ್ದುದಕ್ಕಿಂತ ಹೆಚ್ಚಾಗಿದ್ದಿತು. ಮಾಂಸವು ಇನ್ನೂ ಪೂರ್ತಿಯಾಗಿ ತುಂಬಿ ಬಂದಿರಲಿಲ್ಲ.